ಮುಖ ಕೊಟ್ಟು ಮಾತಾಡುವವರು

ನಮ್ಮತ್ತೆ ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ನಾಲ್ಕು ಮಗ್ಗ ನೋಡಿಕೊಂಡವರು. ಇನ್ನೂರು ಮಗ್ಗ ಒಟ್ಟಿಗೆ ಓಡುವ ಆ ಶೆಡ್ಡಿನಲ್ಲಿ ಪಕ್ಕದವಳು ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳಿಸುತ್ತಿರಲಿಲ್ಲವಂತೆ. ಹಾಗಾಗಿ ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತಾಡುವುದನ್ನು ಕಲಿತಿದ್ದರು. ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಗಂಡ ಮತ್ತೆ ಕುಡಿದು ಬಂದ, ಎಲ್ಲವೂ ಸದ್ದಿಲ್ಲದೆ ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕೆ ದಾಟುತ್ತಿತ್ತು. ಮೇಸ್ತ್ರಿಯನ್ನು ಮೇಸ್ತ್ರಿಯ ಎದುರೇ ಬೈಯಬಹುದಾಗಿತ್ತು. ಅವನಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ ಅತ್ತೆಯ ಕಿವಿ ಮುಕ್ಕಾಲು ಪಾಲು ಹೋಗಿತ್ತು; ಒಂದು ಕಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಅಷ್ಟಿಷ್ಟು ಕೇಳಿಸುತ್ತಿತ್ತು.

ನಾನು ಮದುವೆಯಾಗಿ ಬಂದ ವಾರದಲ್ಲೇ ಅವರು ನನಗೆ ಹೇಳಿದ್ದು ಒಂದೇ ಮಾತು. "ನೋಡು, ನನ್ನ ಹತ್ರ ಮುಖ ಕೊಟ್ಟು ಮಾತಾಡು. ಬೆನ್ನು ಹಾಕಿ ಆಡಿದ ಮಾತು ನನಗೆ ಆಡದೇ ಇದ್ದ ಹಾಗೆ."

ಮಧ್ಯಾಹ್ನ ಎರಡು ಗಂಟೆಗೆ ಟಿವಿಯಲ್ಲಿ ಹಳೇ ಸಿನಿಮಾ ಬರುತ್ತಿತ್ತು. ಹೆಚ್ಚಿನವು ಕಪ್ಪು ಬಿಳುಪಿನವು. ಅತ್ತೆ ಅಡುಗೆಮನೆಯ ಕೆಲಸವನ್ನೆಲ್ಲ ಅಷ್ಟರೊಳಗೆ ಮುಗಿಸಿ, ಗಿರಣಿಯ ಸೈರನ್ ಕೂಗಿದಂತೆ ಸರಿಯಾಗಿ ಹೋಗಿ ಕೂರುತ್ತಿದ್ದರು. ಟಿವಿಯ ಸದ್ದು ಪೂರ್ತಿ ಬಂದ್. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಊಟಕ್ಕೆ ಮನೆಗೆ ಬಂದಾಗ ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಹಳೇ ಸಿನಿಮಾಗಳ ಬಗ್ಗೆ ಅವರ ಅಭಿಪ್ರಾಯಗಳು ಯಾವ ಪತ್ರಿಕೆಯಲ್ಲೂ ಬಂದಂಥವಲ್ಲ.

"ಈಗಿನ ಸಿನಿಮಾದಲ್ಲಿ ಒಬ್ಬ ಬಾಯಿ ತೆಗೆಯೋ ಅಷ್ಟರಲ್ಲಿ ಇನ್ನೊಬ್ಬನ ಮುಖ ತೋರಿಸ್ತಾರೆ. ಅವನು ಬಾಯಿ ತೆಗೆದ್ರೆ ಕಾರು ತೋರಿಸ್ತಾರೆ. ಹಳೆಯವರಿಗೆ ತಾಳ್ಮೆ ಇತ್ತು ಕಣೇ. ಮಾತು ಮುಗಿಯೋ ತನಕ ಮುಖ ಬಿಟ್ಟು ಅಲ್ಲಾಡ್ತಿರಲಿಲ್ಲ" ಎನ್ನುತ್ತಿದ್ದರು. ಅವರ ಪ್ರಕಾರ ಹಳೇ ಸಿನಿಮಾದಲ್ಲಿ ನಂಬಬಹುದಾದವರೆಂದರೆ ಕೇಡಿಗಳು. ಅವರ ಬಾಯಿ ಸ್ಪಷ್ಟ, ಒಂದೊಂದು ಅಕ್ಷರವನ್ನೂ ಜಗಿದು ಉಗುಳುತ್ತಾರೆ. ನಾಯಕರು ಗೊಣಗುತ್ತಾರೆ. ಮೀಸೆಯ ನಾಯಕನಂತೂ ಅವರಿಗೆ ಆಗುತ್ತಲೇ ಇರಲಿಲ್ಲ. "ಮೀಸೆ ಇರೋನ ಮಾತಲ್ಲಿ ಅರ್ಧ ಮೀಸೆಗೇ ಸೇರುತ್ತೆ. ಇವನು ಪ್ರೀತಿಸ್ತೀನಿ ಅಂದ್ನೋ, ಬಾಡಿಗೆ ಮನೆ ಸಿಗಲಿಲ್ಲ ಅಂದ್ನೋ, ಯಾವ ದೇವರಿಗೆ ಗೊತ್ತು!"

ಇನ್ನೊಂದು ಗುಟ್ಟು ಅವರೊಬ್ಬರಿಗೇ ತಿಳಿದಿತ್ತು. ಹಳೇ ಸಿನಿಮಾಗಳಲ್ಲಿ ಸಂಗೀತ ಜೋರಾದಾಗ ನಟರ ಮಾತು ಕೇಳಿಸುತ್ತಿರಲಿಲ್ಲ, ಬಾಯಾಡುವುದು ಮಾತ್ರ ಕಾಣುತ್ತಿತ್ತು. ಅಂಥ ಕಡೆ ನಟರು ಏನು ಬೇಕಾದರೂ ಮಾತಾಡಿಕೊಂಡಿರುತ್ತಿದ್ದರು. ಒಂದು ಸಿನಿಮಾದ ಕೊನೆಯಲ್ಲಿ ರೈಲು ನಿಲ್ದಾಣದ ದೃಶ್ಯ. ನಾಯಕ ಕಿಟಕಿಯಲ್ಲಿ, ನಾಯಕಿ ಪ್ಲಾಟ್‌ಫಾರ್ಮಿನಲ್ಲಿ, ಇಬ್ಬರ ನಡುವೆ ಪಿಟೀಲಿನ ಮಳೆ. ಅವತ್ತು ನನಗೆ ರಜೆ; ನಾನು ಸದ್ದು ಹಾಕಿಕೊಂಡು ನೋಡಿ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದೆ. ಅತ್ತೆ ಕಿಸಕ್ಕನೆ ನಕ್ಕರು.

"ಯಾಕೆ ನಗ್ತೀರಿ ಅತ್ತೆ?"

"ಅವಳು 'ಬೇಗ ಮುಗಿಸಿ, ಚಪ್ಪಲಿ ಕಚ್ತಾ ಇದೆ' ಅಂತಿದಾಳೆ ಕಣೇ!"

ನಕ್ಕವರು ಮತ್ತೆ ತೆರೆಯ ಕಡೆ ತಿರುಗಿ ಗಂಭೀರವಾದರು. "ಆದ್ರೂ ಕಣ್ಣು ನೋಡು. ಹಿಮ್ಮಡಿ ಸುಲಿದು ಹೋಗಿದೆ, ಕಣ್ಣಲ್ಲಿ ಮಾತ್ರ ಆ ಹುಡುಗನಿಗೋಸ್ಕರ ಅಳ್ತಿದಾಳೆ. ಕೆಲಸ ಅಂದ್ರೆ ಹೀಗಿರಬೇಕು."

ಮಾವನಿಗೆ ಇದೊಂದೂ ಹಿಡಿಸುತ್ತಿರಲಿಲ್ಲ. ಅವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳು ಬರುವುದು ಹೊರಡುವುದನ್ನು ಕೂಗಿ ಹೇಳುತ್ತಿದ್ದವರು. ಊರಿಗೆಲ್ಲ ಮೈಕಣ್ಣ. ಗುಡುಗಿನಂಥ ಗಂಟಲು; ಮನೆಯಲ್ಲಿ ಉಪ್ಪು ಕೇಳಿದರೂ ಮೂರನೇ ಮನೆಯವರು ಡಬ್ಬಿ ಹುಡುಕಬೇಕು. "ಸತ್ತವರ ಕುಣಿತ ನೋಡ್ತಾ ಕೂತಿದಾಳೆ" ಎಂದು ಹೆಂಡತಿಯ ಬೆನ್ನ ಹಿಂದೆ ಹಾದುಹೋಗುತ್ತಾ ಗೊಣಗುತ್ತಿದ್ದರು. ಅವರು ಯಾವಾಗಲೂ ಓಡಾಡುತ್ತಲೋ ಪೇಪರಿನ ಹಿಂದಿನಿಂದಲೋ ಮಾತಾಡುವವರು. ಅಲ್ಲದೆ ಪೊದೆಯಂಥ ಮೀಸೆ ಬೇರೆ. ಊರಿಗೆಲ್ಲ ಕೇಳಿಸುವ ದನಿ ಮನೆಯಾಕೆಯೊಬ್ಬರಿಗೆ ಕೇಳಿಸುತ್ತಿರಲಿಲ್ಲ, ಆಕೆ ನೋಡಿ ತಿಳಿಯುವಂತೆಯೂ ಇರಲಿಲ್ಲ. ಇಬ್ಬರೂ ಅದಕ್ಕೆ ಒಗ್ಗಿಹೋಗಿದ್ದರು. ಬೇಕಾದದ್ದನ್ನು ನನ್ನ ಗಂಡನ ಮೂಲಕ ಹೇಳಿ ಕಳಿಸುತ್ತಿದ್ದರು. ಅದೊಂದು ಜಗಳವಲ್ಲ, ರೂಢಿ.

ಮಾವ ಕೆಲಸ ಬಿಟ್ಟ ಎರಡನೇ ವರ್ಷ ದನಿ ಒಡೆಯಿತು. ಶೀತ ಎಂದುಕೊಂಡೆವು. ನಾನೇ ಅಂಗಡಿಯಿಂದ ತಂದ ಮಾತ್ರೆ, ಸಿರಪ್ಪು ಯಾವುದೂ ನಾಟಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಗಂಟಲಲ್ಲಿ ಗಡ್ಡೆ ಎಂದರು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು. ತೆಗೆದರು. ಕತ್ತಿನಲ್ಲೊಂದು ತೂತು ಉಳಿಯಿತು, ಉಸಿರಾಟ ಅದರಲ್ಲೇ. ಬರೆದು ತೋರಿಸಿ ಎಂದು ನರ್ಸಮ್ಮ ಒಂದು ಸ್ಲೇಟು ಕೊಟ್ಟಳು. ಮನೆಗೆ ಬಂದ ಮೂರನೇ ದಿನ ಅದು ಅಂಗಳಕ್ಕೆ ಬಿದ್ದು ಎರಡು ಹೋಳಾಯಿತು. ಅವರ ಸಿಟ್ಟಿನ ವೇಗಕ್ಕೆ ಬಳಪ ಎಲ್ಲಿ ಸಾಟಿ?

ಆಮೇಲೆ ಅವರು ಬಾಯಿಯನ್ನೇ ಮುಚ್ಚಿಬಿಟ್ಟರು. ತುಟಿ ಕೂಡ ಅಲ್ಲಾಡಿಸಲಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಆಪರೇಷನ್ನಿಗೆಂದು ಬೋಳಿಸಿದ್ದ ಮೀಸೆ ಹಾಗೇ ಬೆಳೆದು ಮೊದಲಿನಂತಾಯಿತು. ಮಗ ಎದುರು ಕೂತು, "ಅಪ್ಪಾ, ಏನು ಬೇಕು ಹೇಳಿ" ಎಂದರೆ ಕಣ್ಣು ಮುಚ್ಚುತ್ತಿದ್ದರು.

ಅತ್ತೆ ಮಾತ್ರ ಏನೂ ಕೇಳುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಗಂಜಿ ಕೊಟ್ಟು, ತೂತನ್ನು ಶುಚಿ ಮಾಡಿ, ಎರಡು ಗಂಟೆಗೆ ಟಿವಿ ಹಾಕುತ್ತಿದ್ದರು. ಮಾವನ ಮಂಚವೂ ಆ ಕೋಣೆಯಲ್ಲೇ ಇತ್ತು. ಒಂದು ದಿನ ತೆರೆಯ ಮೇಲೆ ದೊಡ್ಡ ಮೀಸೆಯವನೊಬ್ಬ ಪ್ರೇಮದ ಭಾಷಣ ಮಾಡುತ್ತಿದ್ದ. ಅತ್ತೆ ರೇಗಿಹೋದರು. "ಥೂ ಇವನ! ಆ ಪೊರಕೆ ತೆಗೆದುಬಿಟ್ಟಿದ್ರೆ ಒಂದು ಒಳ್ಳೇ ಮಾತಾದ್ರೂ ಗೊತ್ತಾಗ್ತಿತ್ತು. ನಲವತ್ತು ವರ್ಷದಿಂದ ನೋಡ್ತಿದೀನಿ, ಇಂಥವರು ಏನು ಹೇಳ್ತಾರೋ ತಿಳೀಲೇ ಇಲ್ಲ." ಅವರು ಸಿನಿಮಾದವನಿಗೇ ಹೇಳಿದ್ದು. ಅದನ್ನು ಮಾತ್ರ ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮರುದಿನ ಬೆಳಿಗ್ಗೆ ಮಾವ ಬಚ್ಚಲಿನಿಂದ ಹೊರಗೆ ಬಂದಾಗ ಮೀಸೆ ಇರಲಿಲ್ಲ. ಎರಡು ಕಡೆ ಕೊಯ್ದುಕೊಂಡು ರಕ್ತ ಜಿನುಗುತ್ತಿತ್ತು. ನನ್ನ ಗಂಡ ಹಲ್ಲುಜ್ಜುವುದನ್ನು ಬಿಟ್ಟು ಬಾಯಿ ತೆರೆದುಕೊಂಡೇ ನಿಂತರು. ಮಾವ ಸೀದಾ ಅಡುಗೆಮನೆಗೆ ಹೋಗಿ ಅತ್ತೆಯ ಎದುರು ನಿಂತು, ಬೆಳಕಿಗೆ ಮುಖ ಮಾಡಿ, ತುಟಿ ಅಲ್ಲಾಡಿಸಿದರು.

ಅತ್ತೆ ಸೌಟು ಹಿಡಿದವರು ಹಿಡಿದಂತೆಯೇ ಅವರನ್ನು ನೋಡಿದರು.

"ಏನಂದ್ರು ಅತ್ತೆ?" ಎಂದೆ, ಮುಂದೆ ಹೋಗಿ.

"ಮೂರು ತಿಂಗಳಿಂದ ಟೀಗೆ ಸಕ್ಕರೆ ಸಾಲದಂತೆ!" ಎಂದವರೇ ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣೀರು ಬಂತು. ಆಮೇಲೆ ಅದು ಬರೀ ಕಣ್ಣೀರೇ ಆಯಿತು. ಮಾವ ಹೆದರಿ ಅವರ ಭುಜ ಮುಟ್ಟಿದರು. ನಾನು ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಮಾವ ಅತ್ತೆಯ ಭುಜ ಮುಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ.

ಆಮೇಲೆ ಎರಡು ಗಂಟೆಯ ಸಿನಿಮಾಕ್ಕೆ ಇಬ್ಬರು ಪ್ರೇಕ್ಷಕರಾದರು. ಮಾವ ಕುರ್ಚಿಯನ್ನು ಟಿವಿಗೆ ಅರ್ಧ, ಹೆಂಡತಿಗೆ ಅರ್ಧ ತಿರುಗಿಸಿಕೊಂಡು ಕೂರುತ್ತಿದ್ದರು. ಜಗಳವೋ ಜಗಳ. ಕೇಳುವವರಿಗೆ ಅತ್ತೆಯೊಬ್ಬರದೇ ದನಿ. "ನೀವು ಹೇಳೋದು ಸುಳ್ಳು! ಅವಳು ಮೋಸಗಾತಿ ಅಲ್ಲ... ಏನು? ಇನ್ನೊಂದ್ಸಲ ಹೇಳಿ... ಹೌದಾ, ಹಾಗಾದ್ರೆ ಆ ಕಾಗದ ಯಾಕೆ ಸುಟ್ಟಳು?" ಹಾದಿಯಲ್ಲಿ ಹೋಗುವವರು ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅವರ ಜಗಳ ನೋಡುತ್ತಾ ನೋಡುತ್ತಾ ನಾನೂ ಅಲ್ಪಸ್ವಲ್ಪ ತುಟಿ ಓದಲು ಕಲಿತೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ. ಮಾವ ಮಳೆ ಬಂತು ಎಂದರೆ ನಾನು ಬಳೆ ಎಲ್ಲಿಂದ ಬಂತು ಎಂದು ಹುಡುಕುತ್ತಿದ್ದೆ.

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ ಹಳೇ ಸಿನಿಮಾ ತೋರಿಸುತ್ತಿದ್ದರು. ಗ್ರಂಥಪಾಲಕಿ ಔಷಧಿಗೆಂದು ನಮ್ಮ ಅಂಗಡಿಗೆ ಬರುವವಳು. ಅತ್ತೆಯ ವಿಷಯ ಅವಳಿಗೆ ಹೇಳಿದ್ದೇ ತಡ, ರೈಲು ನಿಲ್ದಾಣದ ಆ ಸಿನಿಮಾವನ್ನೇ ಹಾಕಿಸಿ, ಮುಗಿದ ಮೇಲೆ ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದಳು. ಅತ್ತೆ ಚಪ್ಪಲಿಯ ಸಂಗತಿ ಹೇಳಿದರು. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಮುಖ ಗಂಟಿಕ್ಕಿಕೊಂಡು ಎದ್ದರು. "ಅಮ್ಮಾ, ಈ ದೃಶ್ಯಕ್ಕೆ ನಾನು ಹರೆಯದಿಂದ ಅಳ್ತಾ ಬಂದಿದೀನಿ. ನೀವು ಒಂದೇ ಮಾತಲ್ಲಿ ಹಾಳು ಮಾಡಿದ್ರಲ್ಲ!"

ಅತ್ತೆ ಪೆಚ್ಚಾದರು. ಆಗ ಮಾವ ಎದ್ದು ನಿಂತು ಹೆಂಡತಿಯ ಕಡೆ ತಿರುಗಿ ತುಟಿ ಅಲ್ಲಾಡಿಸತೊಡಗಿದರು. ಕತ್ತಿಗೆ ಕಟ್ಟಿದ ಬಿಳಿ ಬಟ್ಟೆ ಉಸಿರಿಗೆ ಏಳುತ್ತಾ ಬೀಳುತ್ತಾ ಇತ್ತು. ಅತ್ತೆ ತಮ್ಮ ಏರಿಳಿತವಿಲ್ಲದ ದೊಡ್ಡ ದನಿಯಲ್ಲಿ ಒಂದೊಂದೇ ಮಾತನ್ನು ಹೇಳತೊಡಗಿದರು.

"ನಮ್ಮನೆಯವರು ಹೇಳ್ತಿದಾರೆ. ಮೂವತ್ತು ವರ್ಷ ಬಸ್ ಸ್ಟ್ಯಾಂಡಲ್ಲಿ ಕೂತು ಜನ ಬೀಳ್ಕೊಡೋದು ನೋಡಿದೀನಿ. ನಿನ್ನ ಬಿಟ್ಟು ಬದುಕಲಾರೆ ಅಂತ ಒಬ್ರೂ ಹೇಳಿದ್ದು ನೋಡಲಿಲ್ಲ. ನೀರು ತಗೊಂಡ್ಯಾ ಅಂತಾರೆ. ಕಿಟಕಿ ಹತ್ರ ಕೂರಬೇಡ, ಗಾಳಿ ಅಂತಾರೆ. ಕೊಡೆ ಮರೀಬೇಡ ಅಂತಾರೆ. ಬಸ್ಸು ಹೋದಮೇಲೆ ಅಲ್ಲೇ ನಿಂತು ಅಳ್ತಾರೆ. ಆ ಹುಡುಗಿ ಚಪ್ಪಲಿ ಕಚ್ಚುತ್ತೆ ಅಂದಿದ್ದು ಸರಿಯಾಗೇ ಇದೆ. ಮೇಷ್ಟ್ರು ಅಳಬಹುದು. ನಾನೂ ನನ್ನ ಹೆಂಡತಿ ಮಾತು ಕೇಳದೆ ಮೂರ್ಖನಾದೆ..."

ಮಾವ ಅತ್ತೆಯ ತೋಳು ತಟ್ಟಿ ಜೋರಾಗಿ ತಲೆಯಾಡಿಸಿದರು. ಕೊನೆಯ ವಾಕ್ಯ ಅವರದಲ್ಲ!

"ಅದು ನಾನು ಸೇರಿಸಿದ್ದು" ಎಂದರು ಅತ್ತೆ. ಮೇಷ್ಟ್ರೇ ಮೊದಲು ನಕ್ಕರು. ಹಿಂದಿನ ಬಾಗಿಲ ಬಳಿ ನಿಂತಿದ್ದ ಹೆಂಗಸೊಬ್ಬಳು ಹತ್ತಿರ ಬಂದು ಮಾವನನ್ನು ದಿಟ್ಟಿಸಿ, "ನೀವು ಮೈಕಣ್ಣ ಅಲ್ವಾ? ನಾನು ಓದೋಕೆ ಹೋಗ್ತಿದ್ದಾಗ ದಿನಾ ನಿಮ್ಮ ದನಿ ಕೇಳಿ ಓಡಿ ಬಂದು ಬಸ್ ಹತ್ತುತ್ತಿದ್ದೆ" ಎಂದಳು. ಮಾವ ಏನೋ ಹೇಳಿದರು. ಅತ್ತೆ ಅವಳಿಗೆ ತಿಳಿಸಿದರು: "ಏಳೂವರೆ ಬಸ್ಸಾ ಅಂತ ಕೇಳ್ತಿದಾರೆ." ಹೌದು, ಅದೇ ಬಸ್ಸು.

ಇದಾದ ಎರಡು ವರ್ಷಕ್ಕೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಎರಡೂ ಕಣ್ಣು ಮಂಜು. ಮಾವನಿಗಾದಷ್ಟು ಗಾಬರಿ ಅತ್ತೆಗೂ ಆಗಲಿಲ್ಲ. ದನಿಯಿಲ್ಲದವರು ಅವರು, ಕಿವಿಯಿಲ್ಲದವರು ಇವರು. ನಡುವೆ ಇದ್ದದ್ದು ಆ ಎರಡು ಕಣ್ಣು. ಡಾಕ್ಟರು ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿ ಮೂರು ದಿನ ಪಟ್ಟಿ ಬಿಚ್ಚಬೇಡಿ ಎಂದರು. ಎಡಗಣ್ಣಿಗೆ ಹೊಗೆ ಬಿಟ್ಟು ಬೇರೇನೂ ಕಾಣದು.

ಮೊದಲ ದಿನ ಮಾವ ಅವರ ಕೈ ಹಿಡಿದುಕೊಂಡು ಕೂತಿದ್ದರು. ಎರಡನೇ ದಿನ ಮಧ್ಯಾಹ್ನ ಅತ್ತೆ, "ಎರಡಾಯ್ತಾ? ಟಿವಿ ಹಾಕು" ಎಂದರು. ಮಾವ ನನ್ನನ್ನು ಕರೆದು ಎದುರು ಕೂರಿಸಿಕೊಂಡರು. ಅವರು ತುಟಿಯಲ್ಲಿ ಹೇಳುವುದು, ನಾನು ಅತ್ತೆಯ ಒಳ್ಳೆಯ ಕಿವಿಯ ಹತ್ತಿರ ಬಾಯಿಟ್ಟು ಕೂಗುವುದು. ಅಂಗಡಿಗೆ ಫೋನ್ ಮಾಡಿ ಮಧ್ಯಾಹ್ನ ಬರುವುದಿಲ್ಲ ಎಂದೆ.

ಸತ್ತವರ ಕುಣಿತ ಎನ್ನುತ್ತಿದ್ದ ಮನುಷ್ಯ ಒಂದನ್ನೂ ಬಿಡಲಿಲ್ಲ. ನಾಯಕಿಯ ಸೀರೆಯ ಅಂಚು, ಮೆಟ್ಟಿಲ ಮೇಲೆ ಬಿದ್ದ ನೆರಳು, ಡಾಕ್ಟರ ಪಾತ್ರದವನು ಬೀಗ ಹಾಕುವ ರೀತಿ, ಎಲ್ಲವನ್ನೂ ಹೇಳಿದರು. ನಾನು ತಪ್ಪು ತಿಳಿದಾಗ ಸಹನೆಯಿಂದ ಮತ್ತೆ ಹೇಳಿದರು. ಅತ್ತೆ ಕಣ್ಣುಮುಚ್ಚಿ ಕೇಳುತ್ತಾ, "ನೆರಳು ಎಡಕ್ಕೋ ಬಲಕ್ಕೋ ಕೇಳು" ಎಂದು ವಿಚಾರಿಸುತ್ತಿದ್ದರು.

ಕೊನೆಯ ಹೊತ್ತಿಗೆ ನಾಯಕಿಗೆ ಕ್ಷಯ. ಹಾಸಿಗೆ, ಕೆಮ್ಮು, ಕಿಟಕಿಯಲ್ಲಿ ಸಂಜೆ. ಅವಳು ಸತ್ತಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಮಾವ ಕೈ ಎತ್ತಿ ತಡೆದು, ನಿಧಾನವಾಗಿ, ನನಗೆ ತಪ್ಪದೆ ತಿಳಿಯುವಂತೆ ತುಟಿ ಬಿಡಿಸಿ ಹೇಳಿದರು: ಬದುಕಿದಳು ಅನ್ನು.

"ಬದುಕಿದಳಂತೆ ಅತ್ತೆ!" ಎಂದು ಕೂಗಿದೆ.

ಅತ್ತೆ ಪಟ್ಟಿಯ ಕೆಳಗೇ ನಕ್ಕರು. "ಹಳೇ ಸಿನಿಮಾದಲ್ಲಿ ಕ್ಷಯ ಬಂದೋರು ಯಾರು ಬದುಕಿದಾರೆ ಕಣೇ? ಯಾರ ಕಿವಿ ಮೇಲೆ ಹೂವಿಡ್ತೀರಿ ಇಬ್ರೂ?"

ನಾನು ಮಾವನ ಮುಖ ನೋಡಿದೆ. ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. ಟಿವಿಯಲ್ಲಿ ಆಗಲೇ ಸೋಪಿನ ಜಾಹೀರಾತು ಬಂದಿತ್ತು.

ಅತ್ತೆ ಕೈ ಚಾಚಿ ಹುಡುಕಿ ಅವರ ಮೊಣಕಾಲ ಮೇಲೆ ಇಟ್ಟರು. "ಇರ್ಲಿ ಬಿಡು. ಬದುಕಿದಳು ಅಂತಲೇ ಇಟ್ಕೊಳ್ಳೋಣ. ಆಮೇಲೆ ಏನು ಮಾಡಿದ್ಲಂತೆ, ಕೇಳು."

ಮಾವ ಸ್ವಲ್ಪ ಯೋಚಿಸಿದರು. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಮುಂದಿನ ಕಥೆ ಶುರು ಮಾಡಿದರು.