ಖಾಲಿ ಕಾಟಾದ ಮೇಲಿನ ತೂಕ

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಇದನ್ನು ಕಣ್ಣಾರೆ ಕಂಡವನು ನಾನು, ಬಾಯಾರೆ ಕರೆದ ಮುಠ್ಠಾಳನೂ ನಾನೇ. ಕಂಡವರನ್ನೆಲ್ಲ ಅಣಕಿಸೋ ಚಟ ನನಗೆ. ಆ ರಾತ್ರಿ ಅಣಕಿಸಬಾರದ್ದನ್ನು ಅಣಕಿಸಿದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಮೊಳಕಾಲ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಿ ನಾನು ರಿಪೇರಿಯವನು. ಚಳ್ಳಕೆರೆ ಹೊರಗಿನ ಎಣ್ಣೆ ಮಿಲ್ಲೊಂದರಿಂದ ಫೋನ್ ಬಂತು. ಅಲ್ಲಿ ಶೇಂಗಾ ಲಾರಿ ತೂಗುವ ಕಾಟಾದಿಂದ ತೂಕ ನೇರ ಆಫೀಸಿನ ಸರ್ವರ್‌ಗೆ ಬರಬೇಕು. ಸರ್ವರ್‌ನ ಎರಡು ನೆಟ್‌ವರ್ಕ್ ಕಾರ್ಡುಗಳನ್ನು ಜೋಡಿ ಮಾಡಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಎಳೀಬೇಕು. ರಾತ್ರಿಯಾದರೆ ಎರಡೂ ಕೈಕೊಡುತ್ತಿದ್ದವು.

ಮ್ಯಾನೇಜರ್‌ಗೆ ಕಾವಲಿನ ಪಾಲಜ್ಜನ ಮೇಲೆ ಅನುಮಾನ. "ಮುದುಕ ನಿದ್ದೆಗಣ್ಣಲ್ಲಿ ವೈರ್ ಕೀಳ್ತಾನೆ. ಇವತ್ತೂ ಲೈನ್ ಹೋದ್ರೆ ಬೆಳಿಗ್ಗೆ ಮನೆಗೆ ಕಳಿಸ್ತೀನಿ," ಅಂದು ಹೋದರು.

ಕೇಬಲ್ ಬದಲಿಸಿದೆ. ಡ್ರೈವರ್ ಹೊಸದು ಹಾಕಿದೆ. ಜೋಡಿ ಬಿಚ್ಚಿ ಮತ್ತೆ ಕಟ್ಟಿದೆ. ಎರಡೂ ಕಾರ್ಡಿನ ಹಸಿರು ದೀಪ ಮಿಣುಕಿದವು. ಪಾಲಜ್ಜನನ್ನು ಕಣ್ಣೆದುರೇ ಕೂರಿಸಿಕೊಂಡೆ.

"ಜೋಡೆತ್ತು ಇದ್ದಂಗೆ ಐತಲ್ಲಪ್ಪ," ಅಂದ. ಮಿಲ್ಲಿಗೆ ಬರೋ ಮೊದಲು ಅವನು ದೇವರ ಎತ್ತು ಕಾಯೋ ಕಿಲಾರಿ.

ಹೊತ್ತು ಹೋಗಲೆಂದು ಮ್ಯಾನೇಜರ್ ದನಿ ಮಾಡಿದೆ. ನಮ್ಮ ಅಂಗಡಿ ಸಾಹುಕಾರನ ಕೆಮ್ಮು ಮಾಡಿದೆ. ಹುಡುಗಿಯರೆದುರು ತೊದಲೋ ನನ್ನನ್ನೂ ಮಾಡಿದೆ. ಅಜ್ಜ ಹೊಟ್ಟೆ ಹಿಡಿದು ನಕ್ಕ.

"ಅಜ್ಜ, ಕಿಲಾರಿಗಳು ಎತ್ತು ಕರೆಯೋ ಕೂಗು ಹಾಕ್ಲಾ?"

ನಗು ನಿಂತಿತು. "ಬ್ಯಾಡ. ಎತ್ತು ಎದುರಿಗಿಲ್ದೆ ಅದನ್ನ ಹಾಕಬಾರ್ದು."

ಹಾಕಿದೆ. "ಹೋ... ಹೋಓಓ..."

ಎರಡೂ ದೀಪ ಒಟ್ಟಿಗೆ ಆರಿದವು.

ಕರೆಂಟಿತ್ತು, ಫ್ಯಾನು ತಿರುಗುತ್ತಿತ್ತು. ಲೈನ್ ಮಾತ್ರ ಸತ್ತಿತ್ತು. ಶೇಂಗಾ ಹಿಂಡಿಯ ವಾಸನೆಯೊಳಗೆ ಹಸಿ ಸಗಣಿಯ ವಾಸನೆ ಬೆರೆಯಿತು... ಪರದೆಯ ಮೇಲೆ ತೂಕದ ಅಂಕಿ ಏರತೊಡಗಿತು. ಲೈನೇ ಇಲ್ಲ, ಅಂಕಿ ಎಲ್ಲಿಂದ?

ಕಿಟಕಿಯಲ್ಲಿ ಇಣುಕಿದೆ. ಟ್ಯೂಬ್‌ಲೈಟಿನ ಕೆಳಗೆ ಕಾಟಾ ಬರಿದಾಗಿತ್ತು. ಅದರ ಕಬ್ಬಿಣದ ಹಾಸು ಮಾತ್ರ ಸದ್ದು ಮಾಡುತ್ತಿತ್ತು. ಟಕ್... ಟಕ್...

ಅಂಕಿ ಒಂದು ಎತ್ತಿನ ತೂಕಕ್ಕೆ ಬಂದು ನಿಂತಿತು. ಸೊನ್ನೆಗಿಳಿಯಿತು. ಮತ್ತೆ ಏರಿತು. ಒಂದರ ಹಿಂದೊಂದು ಕಾಟಾ ದಾಟುತ್ತಿದ್ದವು... ಆಫೀಸಿನ ಕಡೆಗೆ.

"ಬಾಗಿಲು ಹಾಕ್ಲಾ?" ಪಿಸುಗುಟ್ಟಿದೆ.

"ವದ್ದುರಾ." ಗಾಬರಿಗೆ ಅಜ್ಜನ ಬಾಯಲ್ಲಿ ಮನೆಮಾತು ತೆಲುಗು ಬಂದಿತ್ತು. "ಬ್ಯಾಡ, ಅಲ್ಲಾಡಬ್ಯಾಡ."

ಅಷ್ಟರಲ್ಲಿ ಹೊರಗೆ ಯಾರೋ ಕೂಗಿದರು. "ಹೋ... ಹೋಓಓ..."

ಆ ದನಿ ನನ್ನದು. ನನ್ನ ಬಾಯಿ ಮುಚ್ಚಿತ್ತು.

ಗೊರಸಿನ ಸದ್ದು ಆ ಕೂಗಿನ ಕಡೆ ತಿರುಗಿ ದೂರವಾಯಿತು. ಕಾರ್ಡಿನ ದೀಪಗಳು ಹತ್ತಿದ್ದು ಬೆಳಗಿನ ಜಾವ, ತಾವಾಗಿಯೇ. ಅಲ್ಲೀವರೆಗೆ ನಾನು ಅಜ್ಜನ ಕೈ ಬಿಟ್ಟಿರಲಿಲ್ಲ. ಅದನ್ನೇ ಮ್ಯಾನೇಜರ್‌ಗೂ ಹೇಳಿದೆ: ರಾತ್ರಿಯೆಲ್ಲ ಈ ಕೈ ನನ್ನ ಕೈಯಲ್ಲಿತ್ತು, ವೈರ್ ಮುಟ್ಟಿಲ್ಲ. ಉಳಿದದ್ದನ್ನೂ ಹೇಳಿದೆ.

ಅವರು ನಕ್ಕರು. "ಮುದುಕನ್ನ ಉಳಿಸೋಕೆ ಕಥೆ ಕಟ್ತೀಯೇನಲೇ? ಎಲ್ಲಿ, ಈಗ ಕೂಗು ನೋಡಾಣ."

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಇವತ್ತಿಗೂ ಕತ್ತಲಲ್ಲಿ ಯಾರಾದರೂ ಕೂಗಿದರೆ, ಅದು ನನ್ನ ದನಿಯೇನೋ ಅಂತ ಮೊದಲು ಕಿವಿಗೊಡ್ತೀನಿ.

ಅಜ್ಜನ ಕೆಲಸ ಉಳಿಯಿತು. ಉಳಿಸಿದ್ದು ನಾನಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು, ಕಿಟಕಿಯತ್ತ ಕೈ ತೋರಿಸಿ ಅವನೇ ಅಂದ:

"ಕೂಗಿಸ್ರಿ ಸಾರ್. ಆದ್ರೆ ಈ ಸಲ ಕಾಟಾದ ಮೇಲೆ ನೀವು ನಿಂತ್ಕಳ್ರಿ."