ಕುಂಕುಮವಿಟ್ಟ ನಾಲ್ಕನೇ ಚಕ್ರ

ನಮ್ಮ ಕಾರ್ ಕ್ಲಬ್ಬು ದೊಡ್ಡದೇನಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳ ಹದಿನೈದಿಪ್ಪತ್ತು ಜನ ನಡುವಯಸ್ಸಿನವರು ಮನೆಯಲ್ಲಿ ಬೈಸಿಕೊಂಡು, ಕೈಬದಲಾಗಿ ಬಂದ ಹಳೇ ಕಾರುಗಳನ್ನು ರಿಪೇರಿ ಮಾಡಿಸಿಕೊಂಡು, ವರ್ಷಕ್ಕೆ ಮೂರೋ ನಾಲ್ಕೋ ಭಾನುವಾರ ಮಣ್ಣಿನಲ್ಲಿ ಓಡಿಸುವ ಕೂಟ. ನಾನು ಚನ್ನರಾಯಪಟ್ಟಣದಲ್ಲಿ ಮೋಟಾರ್ ಪಂಪು, ಪೈಪು ಮಾರುವವನು. ಗಲ್ಲಾಪೆಟ್ಟಿಗೆಯ ಹಿಂದೆ ಹೊಟ್ಟೆ ಬಿಟ್ಟುಕೊಂಡು ಕೂತ ನನ್ನನ್ನು ನೋಡಿದವರಿಗೆ ಇವನು ಕಾರ್ ರೇಸಿಗೆ ಹೋಗುತ್ತಾನೆ ಎಂದರೆ ನಗು ಬರುತ್ತದೆ. ನಗಲಿ ಬಿಡಿ, ನನ್ನ ಹೆಂಡತಿಯೂ ನಗುತ್ತಾಳೆ.

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಓಟ ಶುರುವಾಗುವ ಮುಂಚೆ ಮೂರು ಸಲ ಬೇಲಿ ಮರೆಗೆ ಹೋಗಿ ಬರುತ್ತೇನೆ. ಹೆಲ್ಮೆಟ್ಟು ಹಾಕಿಕೊಂಡರೆ ನನ್ನ ಉಸಿರಿನ ಸದ್ದು ನನಗೇ ಕೇಳಿ ಇನ್ನಷ್ಟು ಭಯವಾಗುತ್ತದೆ. ಮತ್ತೆ ಯಾಕೆ ಹೋಗುತ್ತೀಯ ಎಂದರೆ, ಹೋಗದಿದ್ದರೆ ಹೊಳೆನರಸೀಪುರದವನು ಗೆದ್ದುಬಿಡುತ್ತಾನಲ್ಲ, ಅದಕ್ಕೆ.

ಅವನು ಅಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನನ್ನ ಗೆಳೆಯ, ನನ್ನ ಎದುರಾಳಿ, ಎರಡೂ ಅವನೇ. ಒಮ್ಮೆ ಓಟದ ದಿನವೇ ನನ್ನ ಕಾರಿನ ಕ್ಲಚ್ ಕೇಬಲ್ ತುಂಡಾದಾಗ ತಾನು ಇಟ್ಟುಕೊಂಡಿದ್ದ ಹೊಸ ಕೇಬಲ್ಲನ್ನು ತಾನೇ ಮಣ್ಣಿನಲ್ಲಿ ಮಲಗಿ ಹಾಕಿಕೊಟ್ಟ. ಹಾಕಿಕೊಟ್ಟು, ಮಧ್ಯಾಹ್ನ ನನ್ನನ್ನು ಒಂದು ಸೆಕೆಂಡಿನ ಅಂತರದಲ್ಲಿ ಸೋಲಿಸಿದ. ಇನ್ನೊಂದು ವರ್ಷ ಅವನ ಕಾರು ಗಡಿಗೆಂದು ಇಟ್ಟಿದ್ದ ಟೈರಿಗೆ ತಾಗಿತು ಎಂದು ನಾನು ಸಾಕ್ಷಿ ಹೇಳಿದೆ. ಅವನಿಗೆ ಐದು ಸೆಕೆಂಡು ದಂಡ ಬಿತ್ತು, ಕಪ್ಪು ನನಗೆ ಬಂತು. ತಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಸುಳ್ಳೇನೂ ಹೇಳಲಿಲ್ಲ. ಅವನು ನಕ್ಕು ಬಿಟ್ಟ. ಉಳಿದವರು ಬಿಡಲಿಲ್ಲ. ಆಮೇಲೆ ತುಂಬ ದಿನ ನನಗೆ ಸಾಕ್ಷಿ ಎಂದೇ ಹೆಸರಾಯಿತು.

ನಮ್ಮಲ್ಲಿ ಎಲ್ಲೂ ಇಲ್ಲದ ಒಂದು ಪದ್ಧತಿ ಇದೆ. ಕ್ಲಬ್ಬಿನ ಹಿರಿಯರು ಹಾಸನದ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಸ್ಟಾಪ್‌ವಾಚು, ಓಟ ನಿಲ್ಲಿಸುವ ಕೆಂಪು ಬಾವುಟ, ಎರಡೂ ಅವರ ಕೈಯಲ್ಲಿರುತ್ತವೆ. ನಾವೆಲ್ಲ ರಸ್ತೆಯ ಟೈರಿನಲ್ಲೇ ಕಾರು ಓಡಿಸಿಕೊಂಡು ಬಂದು, ಹೊಲದಲ್ಲಿ ಜಾಕು ಕೊಟ್ಟು, ಮಣ್ಣಿಗೆ ಬೇಕಾದ ಚಕ್ರಗಳನ್ನು ಹಾಕಿಕೊಳ್ಳುವವರು. ಆಗ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸುತ್ತೇವೆ ಅಷ್ಟೆ. ಜಾಕು ಇಳಿಸಿದ ಮೇಲೆ ಸ್ಪ್ಯಾನರಿನಿಂದ ಕೊನೆಯ ಬಿಗಿ ಕೊಡಬೇಕು. ಆ ಕೊನೆಯ ಬಿಗಿಯನ್ನು ಕಾರಿನವನು ಕೊಡಕೂಡದು, ಅವನನ್ನು ಸೋಲಿಸಲು ಬಂದವನೇ ಕೊಡಬೇಕು ಎಂದು ಮೇಷ್ಟ್ರು ನಿಯಮ ಮಾಡಿದರು. ಬಿಗಿಯಾದ ಚಕ್ರಕ್ಕೆ ಅವನು ಒಂದು ಬೊಟ್ಟು ಕುಂಕುಮ ಇಡಬೇಕು. ನಾಲ್ಕು ಬೊಟ್ಟು ಕಂಡರೆ ಮಾತ್ರ ಕಾರು ಗೆರೆಗೆ ಬರುತ್ತದೆ. "ಗೆಲ್ಲೋ ಆಸೆ ಇರೋನ ಕೈಗೆ ಇನ್ನೊಬ್ನ ಜೀವ ಕೊಟ್ಟು ನೋಡಿ, ಆಗ ಇಬ್ರೂ ನೆಟ್ಟಗಿರ್ತಾರೆ" ಎನ್ನುತ್ತಿದ್ದರು.

ಹೋದ ವರ್ಷ ರಾಗಿ ಕುಯ್ಲಾದ ಮೇಲೆ ಹಿರೀಸಾವೆ ಕಡೆಯ ಒಂದು ಹೊಲದಲ್ಲಿ ಓಟ ಇಟ್ಟುಕೊಂಡಿದ್ದೆವು. ಸುಣ್ಣದ ಪುಡಿಯ ಗೆರೆ, ಅಲ್ಲಲ್ಲಿ ಹಳೇ ಟೈರು. ಒಂದು ಸಲಕ್ಕೆ ಒಂದೇ ಕಾರು, ಮೂರು ಸುತ್ತು. ಕೊನೆಯ ತಿರುವು ಬಲಕ್ಕೆ, ಅದರ ಹೊರಮೈಗೆ ಒಂದು ಎತ್ತರದ ಬದು, ಬದುವಿನ ಹಿಂದೆ ತೆಂಗಿನ ಸಾಲು. ನೆರಳಿದೆಯೆಂದು ನೋಡುವವರೆಲ್ಲ ಆ ಬದುವಿನ ಮೇಲೇ ಕೂರುತ್ತಿದ್ದರು. ಬಲಕ್ಕೆ ತಿರುಗುವ ಕಾರಿನ ಭಾರವೆಲ್ಲ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಚಕ್ರ ಕಳಚಿದರೆ ಅದು ಹಾರುವುದೂ ಆ ಬದುವಿಗೇ. ಇದೆಲ್ಲ ನಮಗೆ ಗೊತ್ತಿರಲಿಲ್ಲವೆಂದಲ್ಲ. ಚಕ್ರ ಯಾಕೆ ಕಳಚುತ್ತದೆ, ಕುಂಕುಮ ಇದೆಯಲ್ಲ ಎಂದುಕೊಂಡಿದ್ದೆವು.

ಆ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಓಟ ಮುಗಿದು, ನನ್ನದೇ ಒಳ್ಳೆಯ ಟೈಮು ಆಗಿತ್ತು. ಉಳಿದವನು ಹೊಳೆನರಸೀಪುರದವನೊಬ್ಬನೇ. ಅವನ ಚಕ್ರ ಬಿಗಿ ಮಾಡುವ ಸರದಿ ನನ್ನದು. ಉಳಿದವರು ಹುಣಸೆಮರದ ಕೆಳಗೆ ಚಿತ್ರಾನ್ನಕ್ಕೆ ಸೇರಿದ್ದರು. ಅವನ ಹೆಂಡತಿ ಮಾತ್ರ ಊಟ ಆಮೇಲೆ ಎಂದು ಕುಂಕುಮದ ಭರಣಿ ಹಿಡಿದು ಬಂದರು. ಆಕೆ ನನ್ನನ್ನು ಅಣ್ಣ ಎನ್ನುತ್ತಾರೆ, ಬಾಯಿಮಾತಿಗಲ್ಲ. ನನ್ನ ತಾಯಿ ತೀರಿಕೊಂಡಾಗ ಮೂರು ದಿನ ನಮ್ಮ ಮನೆಯ ಒಲೆ ನೋಡಿಕೊಂಡವರು ಅವರು.

"ಅಣ್ಣಾ, ಮೊದ್ಲು ಕುಂಕುಮ ಇಟ್ಬುಡಿ, ಒಂದು ಫೋಟೋ ತಗೊಂಡು ನಾನು ಬದು ಮ್ಯಾಲೆ ಓಗಿ ಕೂತ್ಕತೀನಿ. ಆಮೇಲೆ ಬಿಗಿ ಮಾಡ್ಕಳಿ" ಎಂದರು.

ಮಾಡಬಾರದ್ದು ಅದು. ಆದರೆ ನಾನು ಗೆಲ್ಲುವ ಹುರುಪಿನಲ್ಲಿದ್ದೆ, ಫೋಟೋ ಎಂದರೆ ನನಗೂ ಆಸೆ. ನಾಲ್ಕೂ ಚಕ್ರಕ್ಕೆ ಒಂದೇ ಸುತ್ತಿನಲ್ಲಿ ಬೊಟ್ಟಿಟ್ಟು, ಹಿಂದಿನ ಎಡಚಕ್ರದ ಪಕ್ಕ ಹಲ್ಲು ಕಿರಿದು ಕೂತೆ. ಆಕೆ ಫೋಟೋ ತೆಗೆದುಕೊಂಡು ಹೋದರು. ನಾನು ಸ್ಪ್ಯಾನರ್ ಹಿಡಿದು ಮುಂದಿನ ಎರಡು ಚಕ್ರ ಮುಗಿಸಿದೆ, ಹಿಂದಿನ ಬಲಚಕ್ರ ಮುಗಿಸಿದೆ. ಅಷ್ಟರಲ್ಲಿ ಫೋನು ಬಂತು. ನನ್ನ ಅಂಗಡಿಯಲ್ಲಿ ಪಂಪು ತೆಗೆದುಕೊಂಡಿದ್ದ ಒಬ್ಬರು, "ಸಾ, ಮೋಟ್ರು ಓಡ್ತದೆ, ನೀರು ಎತ್ತಾಕಿಲ್ಲ" ಎಂದು ಶುರು ಮಾಡಿದರು. ಸಿಗ್ನಲ್ ಸರಿಯಿರಲಿಲ್ಲ, ಮಾತಾಡುತ್ತ ಬೇಲಿಯವರೆಗೂ ನಡೆದೆ. ಪೈಪಿನ ಬುಡದ ಫುಟ್‌ವಾಲ್ವು ನೋಡಿ, ಗಾಳಿ ಎಳೀತಿರಬೇಕು ನೋಡಿ ಎಂದು ಹೇಳಿ ಮುಗಿಸಿ ಬರುವಷ್ಟರಲ್ಲಿ ಗೆಳೆಯ ಹೆಲ್ಮೆಟ್ಟು ಹಾಕಿಕೊಂಡು ಇಂಜಿನ್ ಶುರು ಮಾಡಿದ್ದ.

"ಆಯ್ತೇನ್ಲಾ?" ಎಂದ.

ನಾನು ಹಿಂದಿನ ಎಡಚಕ್ರ ನೋಡಿದೆ. ಕುಂಕುಮ ಇತ್ತು.

"ಆಯ್ತು, ಓಗು" ಎಂದೆ.

ಅವನು ಗೆರೆಗೆ ಹೋದ. ಮೇಷ್ಟ್ರು ಕೈ ಇಳಿಸಿದರು, ಕಾರು ಧೂಳೆಬ್ಬಿಸಿಕೊಂಡು ಹೊರಟಿತು. ನಾನು ಬದುವಿನ ಮೇಲೆ ಹೋಗಿ ಅವನ ಹೆಂಡತಿಯ ಪಕ್ಕ ಕೂತೆ. ಉಳಿದವರು ಇನ್ನೂ ಊಟದಲ್ಲೇ ಇದ್ದರು, ಬದುವಿನ ಮೇಲೆ ನಾವಿಬ್ಬರೇ. ಮೊದಲ ಸುತ್ತು ಅವನು ಬೆಣ್ಣೆಯಂತೆ ಓಡಿಸಿದ. ನಮ್ಮ ಮುಂದಿನ ತಿರುವಿನಲ್ಲಿ ಕಾರಿನ ಹಿಂಬದಿಯನ್ನು ಜಾರಿಸಿ ತಿರುಗಿಸಿಕೊಂಡ ರೀತಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಕಪ್ಪು ಹೋಯಿತು ಎಂದುಕೊಂಡೆ.

"ನೋಡಣ್ಣಾ, ಎಷ್ಟು ಚೆನ್ನಾಗ್ ಬಂದದೆ" ಎಂದು ಆಕೆ ಮೊಬೈಲನ್ನು ನನ್ನ ಮುಂದೆ ಹಿಡಿದರು.

ಫೋಟೋದಲ್ಲಿ ನಾನಿದ್ದೆ. ಪಕ್ಕದಲ್ಲಿ ಎಡಚಕ್ರ, ಅದರ ಮೇಲೆ ಹಸಿ ಕುಂಕುಮ. ಸ್ಪ್ಯಾನರು ಆಚೆ ರಾಗಿ ಕೂಳೆಯ ಮೇಲೆ ಬಿದ್ದಿತ್ತು, ಇನ್ನೂ ಯಾವ ಚಕ್ರವನ್ನೂ ಮುಟ್ಟಿರಲಿಲ್ಲ.

ನಾನು ಒಂದೊಂದೇ ಚಕ್ರವನ್ನು ನೆನಪಿಸಿಕೊಂಡೆ. ಮುಂದಿನ ಎಡ, ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತಿದ್ದು ನೆನಪಿತ್ತು. ಮುಂದಿನ ಬಲ, ಮೊಣಕಾಲಿಗೆ ಕಲ್ಲು ಚುಚ್ಚಿತ್ತು. ಹಿಂದಿನ ಬಲ, ಅಲ್ಲಿರುವಾಗಲೇ ಜೇಬಿನಲ್ಲಿ ಫೋನು ನಡುಗಿತ್ತು. ಹಿಂದಿನ ಎಡ ಎಂದರೆ ಏನೂ ನೆನಪಿಗೆ ಬರಲಿಲ್ಲ. ಕುಂಕುಮ ಇಟ್ಟದ್ದು ಬಿಟ್ಟು ಬೇರೇನೂ ಇಲ್ಲ.

ಎದ್ದು ಮೇಷ್ಟ್ರ ಕಡೆ ನಡೆದೆ. ಅವರು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು, ಕೆಂಪು ಬಾವುಟ ಕಂಕುಳಲ್ಲಿತ್ತು. ಆ ಇಪ್ಪತ್ತು ಹೆಜ್ಜೆಯಲ್ಲಿ ನನ್ನ ತಲೆಯೊಳಗೆ ನಡೆದದ್ದನ್ನು ಬರೆಯಲು ಈಗಲೂ ನಾಚಿಕೆ. ಮಧ್ಯೆ ನಿಂತ ಓಟವನ್ನು ನಮ್ಮಲ್ಲಿ ಮತ್ತೆ ಓಡಿಸುವುದಿಲ್ಲ. ಬಾವುಟ ಬಿದ್ದರೆ ಅವನು ಸೋತ ಹಾಗೆ, ನಾನು ಗೆದ್ದ ಹಾಗೆ. ನಿಲ್ಲಿಸಿ ನೋಡಿದಾಗ ಚಕ್ರ ಬಿಗಿಯಾಗಿಯೇ ಇದ್ದರೆ? ಸಾಕ್ಷಿ ಮತ್ತೆ ಕಪ್ಪು ಹೊಡೆದ ಎಂದು ಅರಕಲಗೂಡಿನವರೆಗೂ ಸುದ್ದಿಯಾಗುತ್ತದೆ. ಸಡಿಲವಾಗಿದ್ದರೆ ಇನ್ನೂ ಕೆಟ್ಟದ್ದು, ಬೇಕೆಂದೇ ಬಿಟ್ಟ ಎನ್ನುತ್ತಾರೆ. ಒಬ್ಬ ಮನುಷ್ಯ ಸಾಯಬಹುದು ಎನ್ನುವುದರ ಪಕ್ಕದಲ್ಲಿ ನಾನು ಇವನ್ನೆಲ್ಲ ಇಟ್ಟು ತೂಗುತ್ತಿದ್ದೆ.

"ಏನಪ್ಪಾ, ಮೊಕ ಯಾಕಿಂಗಾಗದೆ?" ಎಂದರು ಮೇಷ್ಟ್ರು.

ನನ್ನ ಬಾಯಿಂದ ಬಂದದ್ದು ಇಷ್ಟು: "ಟೈಮೆಷ್ಟಾಯ್ತು ಸಾ?"

ಅವರು ನಕ್ಕರು. "ಎದುರ್ಕೊಂಬುಟ್ಟೆಯಾ? ನಿನ್ ಕಪ್ಪು ಓಗ್ತದೆ ಕಣಪ್ಪ ಈ ಸಲ."

ಎರಡನೇ ಸುತ್ತು ಮುಗಿಸಿ ಕಾರು ನಮ್ಮ ಮುಂದೆಯೇ ಹಾದುಹೋಯಿತು. ನಾನು ಎಡಚಕ್ರವನ್ನೇ ನೋಡಿದೆ. ಅದು ಅಲ್ಲಾಡುತ್ತಿತ್ತು ಎಂದು ಆಣೆ ಮಾಡಿ ಹೇಳಲಾರೆ, ಅಲ್ಲಾಡುತ್ತಿರಲಿಲ್ಲ ಎಂದೂ ಹೇಳಲಾರೆ. ಬಾವುಟ ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು. ನಾನು ಅದನ್ನು ಕಿತ್ತುಕೊಳ್ಳಲಿಲ್ಲ. ತಿರುಗಿ ಓಡುತ್ತ ಬದುವಿಗೆ ಬಂದೆ.

"ತಂಗಿ, ಏಳಿ, ಏಳಿ ಮೇಲೆ. ಇಲ್ಲಿ ಧೂಳು ಬತ್ತದೆ, ಆ ಕಡಿಕ್ ಬನ್ನಿ."

"ಇರ್ಲಿ ಬುಡಣ್ಣಾ, ಕೊನೇ ಸುತ್ತು, ಇಲ್ಲಿಂದ್ಲೇ ಚೆನ್ನಾಗ್ ಕಾಣ್ತದೆ."

"ಏಳಿ ಅಂದ್ನಲ್ಲ!" ಎಂದು ಗದರಿದೆ. ಎಂದೂ ಆಕೆಗೆ ದನಿ ಎತ್ತಿದವನಲ್ಲ ನಾನು. ಆಕೆ ಬೆಚ್ಚಿ ಎದ್ದರು. ತೋಳು ಹಿಡಿದು ತೆಂಗಿನ ಸಾಲಿನ ಹಿಂದೆ, ತಿರುವಿಗೆ ದೂರವಾಗಿ, ದಪ್ಪ ಮರದ ಮರೆಗೆ ನಿಲ್ಲಿಸಿದೆ. ನಾನೂ ಅಲ್ಲೇ ನಿಂತೆ.

ಹೊಲದ ಆ ತುದಿಯಲ್ಲಿ ಬರೀ ಧೂಳು ಕಾಣುತ್ತಿತ್ತು. ಇಂಜಿನ್ನಿನ ಸದ್ದು ಮಾತ್ರ ಬರುತ್ತಿತ್ತು. ಸದ್ದು ಸಣ್ಣದಾದರೆ ಪಲ್ಟಿಯಾಯಿತೇನೋ ಎನಿಸುತ್ತಿತ್ತು, ದೊಡ್ಡದಾದರೆ ಇಷ್ಟು ಜೋರಾಗಿ ಯಾಕೆ ಬರುತ್ತಿದ್ದಾನೆ ಎನಿಸುತ್ತಿತ್ತು. ಎಂಟು ವರ್ಷದಿಂದ ಇವನು ನಿಧಾನವಾಗಲಿ ಎಂದು ಬೇಡಿಕೊಂಡಿದ್ದೇನೆ, ಆದರೆ ಆ ದಿನದ ಹಾಗೆ ಯಾವತ್ತೂ ಬೇಡಿಕೊಂಡಿಲ್ಲ. ಕಾರು ಕೊನೆಯ ತಿರುವಿಗೆ ಬಂದಾಗ ಇಂಜಿನ್ನಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿಸಿತು, ಗಡ ಗಡ ಗಡ ಎಂದು. ನಾನು ಕಣ್ಣು ಮುಚ್ಚಿಕೊಂಡೆ. ಆಕೆ ಚಪ್ಪಾಳೆ ತಟ್ಟುವುದು ಕೇಳಿ ಕಣ್ಣು ಬಿಟ್ಟೆ. ಕಾರು ಗೆರೆ ದಾಟಿತ್ತು. ಅವನು ಗೆದ್ದಿದ್ದ.

ಎಲ್ಲರಿಗಿಂತ ಮೊದಲು ಕಾರಿನ ಬಳಿಗೆ ಓಡಿದವನು ನಾನು. ಅಭಿನಂದಿಸಲು ಓಡಿದೆನೆಂದುಕೊಂಡು ಮೇಷ್ಟ್ರು, "ನೋಡ್ರಪ್ಪಾ, ಸೋತೋನು ಅಂದ್ರೆ ಇಂಗಿರ್ಬೇಕು" ಎಂದರು. ನಾನು ಎಡಚಕ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತೆ. ನಾಲ್ಕು ನಟ್ಟುಗಳಲ್ಲಿ ಒಂದು ಇರಲೇ ಇಲ್ಲ. ಇನ್ನೊಂದು ಎರಡು ಬೆರಳಿಗೆ ತಿರುಗಿ ಅಂಗೈಗೆ ಬಂತು. ಬಿಸಿಯಾಗಿತ್ತು.

ಗೆಳೆಯ ಹೆಲ್ಮೆಟ್ಟು ತೆಗೆದು ಇಳಿದ. ಮುಖವೆಲ್ಲ ಬೆವರು, ಕಣ್ಣಲ್ಲಿ ಗೆದ್ದ ಖುಷಿ. "ಕೊನೇ ಸುತ್ನಾಗೆ ಹಿಂದುಗಡೆ ಗಡಗಡ ಅಂತಿತ್ತು ಸಾ" ಎಂದ ಮೇಷ್ಟ್ರಿಗೆ. "ನಿಲ್ಸ್‌ಬುಡಾನ ಅಂತ ಕಾಲು ಎತ್ತಿದ್ದೆ. ಆಮ್ಯಾಲೆ, ಬಿಗಿ ಮಾಡಿರೋನು ಇವ್ನು, ಚಕ್ರದ ಸದ್ದಾಗಿರಾಕಿಲ್ಲ, ಹೊಲನೇ ಉಬ್ಬುತಗ್ಗು ಅಂತ ಒತ್ತುಬುಟ್ಟೆ."

ಕೂತಲ್ಲೇ ನಟ್ಟನ್ನು ಮೇಲೆತ್ತಿ ತೋರಿಸಿದೆ. "ಇದನ್ನ ನಾನು ಬಿಗಿ ಮಾಡ್ಲಿಲ್ಲ ಕಣ್ಲಾ. ಫೋನ್ ಬಂತು, ಮರ್ತ್‌ಬುಟ್ಟೆ."

ಮೇಷ್ಟ್ರು ಕೈ ಎದೆಯ ಮೇಲಿಟ್ಟುಕೊಂಡರು. ಗೆಳೆಯ ನಟ್ಟನ್ನು ನೋಡಿದ, ಚಕ್ರವನ್ನು ನೋಡಿದ. ಮುಖದ ಬಣ್ಣ ಇಳಿದು ಮತ್ತೆ ಬಂತು. ಆಮೇಲೆ ಬಗ್ಗಿ ನನ್ನ ಭುಜ ಹಿಡಿದು ಎಬ್ಬಿಸಿದ.

"ಮನುಷ್ಯ ಅಂದ್ಮೇಲೆ ಮರ್ತೋಯ್ತದೆ ಕಣ್ಲಾ" ಎಂದ. "ಗೊತ್ತಿದ್ದೂ ಬುಟ್ಟಿದ್ರೆ ತಾನೆ ತಪ್ಪು? ಅಳ್ಬ್ಯಾಡ, ಅಂಗೆಲ್ಲ ಅಳ್ಬ್ಯಾಡ. ಏನೂ ಆಗ್ಲಿಲ್ವಲ್ಲ."

ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ. ಅವನು ನನ್ನನ್ನು ತಬ್ಬಿಕೊಂಡ. ಯಾರೋ ನೀರು ತಂದುಕೊಟ್ಟರು, ಇನ್ಯಾರೋ ಫೋನುಗಳನ್ನು ಬೈದರು. ಇಲ್ಲಿಗೆ ಮುಗಿಯಿತು, ತಪ್ಪಿಸಿಕೊಂಡೆ ಎಂದು ಒಳಗೊಳಗೇ ಉಸಿರು ಬಿಟ್ಟೆ.

ಅವನ ಭುಜದ ಮೇಲಿಂದ ಆಕೆ ಕಂಡರು. ತೆಂಗಿನ ಸಾಲಿನ ಕಡೆಯಿಂದ ನಡೆದು ಬಂದು ನಿಂತಿದ್ದರು. ಚಪ್ಪಾಳೆ ತಟ್ಟಿದ ಕೈ ಇನ್ನೂ ಒಂದಕ್ಕೊಂದು ಹಿಡಿದುಕೊಂಡೇ ಇತ್ತು. ನಟ್ಟು ಕಳೆದ ಚಕ್ರವನ್ನು ನೋಡಿ, ಖಾಲಿ ಬದುವನ್ನು ನೋಡಿ, ಕೊನೆಗೆ ನನ್ನನ್ನು ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಣ್ಣಾ, ಕೊನೇ ಸುತ್ತಿಗೆ ಮುಂಚೆ ನನ್ನ ಅಲ್ಲಿಂದ ಯಾಕೆ ಎಬ್ಸಿದ್ರಿ?"

ನನ್ನ ಬೆನ್ನ ಮೇಲಿದ್ದ ಗೆಳೆಯನ ಕೈ ನಿಂತಿತು. ಧೂಳು ಎಂದು ಇನ್ನೊಂದು ಸಲ ಹೇಳಬಹುದಿತ್ತು. ನನ್ನಿಂದ ಆಗಲಿಲ್ಲ.