ನಲವತ್ತು ಡಿಗ್ರಿ ಅಂತ ಬರೆದಿಟ್ಟ ಚೀಟಿ

ಒಂದು ನಿಮಿಷ ಥರ್ಮಾಮೀಟರನ್ನು ನೀರಿನಲ್ಲಿ ಹಿಡಿದು ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ. ಆಮೇಲೆ ನಿಂತೆ ಅಂತ ಸುಳ್ಳು ಹೇಳಿದೆ. ಅದರಿಂದ ನನ್ನ ತಂಗಿ ಒಂದು ವರ್ಷ ತನ್ನ ಪಾಠ ಕಳೆದುಕೊಂಡಳು.

ಇದು ಎರಡು ವರ್ಷದ ಹಿಂದಿನ ಮಾತು. ಆಗ ನಾನು ಜಯನಗರದ ಒಂದು ಖಾಸಗಿ ಶಾಲೆಯಲ್ಲಿ ಅಟೆಂಡರ್. ಓದಿದ್ದು ಆರನೇ ಕ್ಲಾಸು. ಶಾಲೆಗೆ ಸೇರುವ ಮೊದಲು ಬನಶಂಕರಿಯ ಒಂದು ಕಲ್ಯಾಣ ಮಂಟಪದಲ್ಲಿ ಹದಿನಾಲ್ಕು ವರ್ಷ ಬೀಗರಿಗೆ ಸ್ನಾನದ ನೀರು ಕಾಯಿಸಿದ್ದೇನೆ. ಹಂಡೆಗೆ ಕೈ ಅದ್ದಿದರೆ ಸಾಕು, ಹದ ಗೊತ್ತಾಗುತ್ತಿತ್ತು. ಒಬ್ಬರೂ ಸುಟ್ಟುಕೊಂಡಿರಲಿಲ್ಲ. ಆ ಜಂಬ ನನ್ನ ಜೊತೆ ಶಾಲೆಗೂ ಬಂದಿತ್ತು.

ತಂಗಿ ಸುಮಿತ್ರಾ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಅದೇ ಶಾಲೆಗೆ ವಿಜ್ಞಾನದ ಟೀಚರ್ ಆಗಿ ಬಂದಳು. ಶಾಲೆಯಲ್ಲಿ ನಾನು ಅವಳನ್ನು ಮೇಡಂ ಅನ್ನಬೇಕು. ಅವಳು ನನ್ನನ್ನು ಅಣ್ಣ ಅಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಂದನೇ ಕ್ಲಾಸಿನ ಮಗುವಿನಿಂದ ಹೆಡ್ ಮಿಸ್ ತನಕ ಎಲ್ಲರಿಗೂ ನಾನು ಅಣ್ಣನೇ. ಅವಳಿನ್ನೂ ಪ್ರೊಬೇಷನ್‌ನಲ್ಲಿದ್ದಳು. ಅಂದರೆ ಮ್ಯಾನೇಜ್‌ಮೆಂಟಿನವರು ಕೂತು ಪಾಠ ನೋಡಿ ಒಪ್ಪಿದರೆ ಮಾತ್ರ ಕೆಲಸ ಖಾಯಂ. ಅವರು ನೋಡಲು ಬರುವ ದಿನದ ಪಾಠ ಏಳನೇ ಕ್ಲಾಸಿನ ಉಷ್ಣ ಮತ್ತು ತಾಪ.

ಪ್ರಯೋಗ ಸುಲಭದ್ದು. ಮೂರು ಟಬ್ಬು: ಬಿಸಿ ನೀರು, ಉಗುರುಬೆಚ್ಚಗಿನ ನೀರು, ಐಸ್ ಹಾಕಿದ ನೀರು. ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣನೆಯದರಲ್ಲಿ ಒಂದು ನಿಮಿಷ. ಆಮೇಲೆ ಎರಡೂ ಕೈ ಒಟ್ಟಿಗೆ ಮಧ್ಯದ ಟಬ್ಬಿಗೆ. ನೀರು ಒಂದೇ ಆದರೂ ಬಿಸಿಯಿಂದ ಬಂದ ಕೈಗೆ ಅದು ತಣ್ಣಗೆ, ತಣ್ಣನೆಯಿಂದ ಬಂದ ಕೈಗೆ ಬಿಸಿ. ನಮ್ಮ ಚರ್ಮಕ್ಕೆ ತಿಳಿಯುವುದು ಉಷ್ಣ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಅನ್ನುವುದು ಮಾತ್ರ. ತಾಪ ಎಷ್ಟು ಅಂತ ಹೇಳುವುದು ಥರ್ಮಾಮೀಟರ್. ಇದನ್ನು ಅವಳು ಮನೆಯಲ್ಲಿ ಎಷ್ಟು ಸಲ ಒಪ್ಪಿಸಿದ್ದಳೆಂದರೆ ನನಗೆ ತಲೆ ಚಿಟ್ಟು ಹಿಡಿದಿತ್ತು.

"ಅಣ್ಣ, ಬಿಸಿ ನೀರು ನಲವತ್ತು ಡಿಗ್ರಿ ದಾಟಬಾರ್ದು. ಕೈ ಹಾಕಿ ನೋಡ್ಬೇಡ. ಥರ್ಮಾಮೀಟರ್ ಇಟ್ಟು ಒಂದು ನಿಮಿಷ ಕಾಯಿ, ಗೆರೆ ನಿಂತ ಮೇಲೆ ಚೀಟೀಲಿ ಬರ್ದು ಟಬ್ ಪಕ್ಕ ಇಡು."

"ಎಷ್ಟು ಸಲ ಹೇಳ್ತೀಯ ಸುಮಿ? ಊರೋರ ಮದುವೆಗೆಲ್ಲ ನೀರು ಕಾಯ್ಸಿದೋನು ನಾನು."

"ಮದುವೆ ಗಂಡು ಸುಟ್ಕೊಂಡ್ರೆ ಸಮಾಧಾನ ಮಾಡೋಕೆ ಮಾವ ಇರ್ತಾನೆ. ಇಲ್ಲಿ ಮಗು ಸುಟ್ಕೊಂಡ್ರೆ ಯಾರಿದಾರೆ?"

ಆ ದಿನ ಬೆಳಿಗ್ಗೆ ಬಂದವರಿಗೆಲ್ಲ ಟೀ ಕೊಟ್ಟೆ. ಲೋಟಗಳಿಗೆ ಹಾಲಿನ ಜಿಡ್ಡು ಹಿಡಿದಿತ್ತು ಅಂತ ಸುಡುಸುಡು ನೀರಿನಲ್ಲಿ ತೊಳೆಯುತ್ತಿದ್ದೆ. ಅಷ್ಟರಲ್ಲಿ ಬೆಲ್ ಆಯಿತು. ಓಡಿಬಂದು, ಮೊದಲೇ ತುಂಬಿಸಿಟ್ಟಿದ್ದ ಬಿಸಿ ಟಬ್ಬಿಗೆ ಕೈ ಅದ್ದಿದೆ. ನೀರು ತಣ್ಣಗಿತ್ತು. ತಣ್ಣಗಿತ್ತು ಅಂತ ನನ್ನ ಕೈ ಹೇಳಿತು. ಕೆಟಲಿನಲ್ಲಿ ಕುದಿಯುತ್ತಿದ್ದ ನೀರನ್ನು ಧಾರಾಳವಾಗಿ ಸುರಿದೆ, ಮತ್ತೆ ಕೈ ಇಟ್ಟೆ, ಹದವಾಗಿದೆ ಅನ್ನಿಸಿತು. ಥರ್ಮಾಮೀಟರ್ ಡಬ್ಬಿಯಲ್ಲೇ ಇತ್ತು. ಚೀಟಿಯಲ್ಲಿ 40 ಅಂತ ಬರೆದಿಟ್ಟೆ.

ಯಾವ ಪಾಠಕ್ಕೆ ನೀರು ಹೊಂದಿಸುತ್ತಿದ್ದೆನೋ ಆ ಪಾಠ ನನ್ನ ಕೈಯಲ್ಲೇ ನಡೆದಿತ್ತು. ಬಿಸಿಯಿಂದ ಬಂದ ಕೈಗೆ ಆ ನೀರು ಹಾಗೆ ಕಂಡಿತ್ತು, ಅಷ್ಟೇ. ಏಳನೇ ಕ್ಲಾಸಿನ ಮಕ್ಕಳಿಗೆ ಅರ್ಥವಾಗುವುದು ನನ್ನ ಮಂಡೆಗೆ ಹೊಳೆಯಲಿಲ್ಲ.

ಸುಮಿ ಚೀಟಿ ನೋಡಿದಳು, ನಂಬಿದಳು. ಮೊದಲು ಕೈ ಹಾಕಿದ್ದು ಚೈತ್ರಾ ಅನ್ನುವ ಹುಡುಗಿ. ಕಿರುಚಿ ಕೈ ಎಳೆದುಕೊಂಡಳು. ಹೆಡ್ ಮಿಸ್ "ಟೂತ್‌ಪೇಸ್ಟ್ ತನ್ರೋ!" ಅಂತ ಕೂಗಿದರು. ಸುಮಿ ಯಾರ ಮಾತೂ ಕೇಳದೆ ಮಗುವಿನ ಕೈಯನ್ನು ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿದಳು. ಎರಡು ಬೆರಳಿಗೆ ಬೊಬ್ಬೆ ಬಂತು, ಪುಣ್ಯಕ್ಕೆ ಅಷ್ಟರಲ್ಲೇ ಹೋಯಿತು. ಇನ್ನೊಬ್ಬ ಟೀಚರ್ ಬೇರೆ ಥರ್ಮಾಮೀಟರ್ ತಂದು ಟಬ್ಬಿಗೆ ಇಟ್ಟು ನೋಡಿದರು: ಐವತ್ತೆಂಟು.

ಹೆಡ್ ಮಿಸ್ ರೂಮಿನಲ್ಲಿ ವಿಚಾರಣೆ. "ಅಣ್ಣ, ನೀವು ಇಟ್ಟು ನೋಡಿದ್ರಾ?"

"ನೋಡಿದೆ ಮೇಡಂ. ನಲವತ್ತೇ ಇತ್ತು. ಥರ್ಮಾಮೀಟರ್ ಸರಿ ಇಲ್ಲ ಅನ್ಸುತ್ತೆ."

ಬಾಯಿಂದ ಅದು ಹೇಗೆ ಅಷ್ಟು ಸಲೀಸಾಗಿ ಬಂತೋ. ಮ್ಯಾನೇಜ್‌ಮೆಂಟಿನ ಸೆಕ್ರೆಟರಿ ಸಾಹೇಬರು, ಪರೀಕ್ಷೆ ಮಾಡಿಬಿಡೋಣ ಅಂದರು. ಡಬ್ಬಿಯಲ್ಲಿದ್ದ ಥರ್ಮಾಮೀಟರನ್ನು ಐಸಿನಲ್ಲಿ ಇಟ್ಟರೆ ಸೊನ್ನೆ ತೋರಿಸಿತು. ಕುದಿಯುವ ನೀರಿನಲ್ಲಿ ಇಟ್ಟರೆ ತೊಂಬತ್ತೇಳಕ್ಕೆ ನಿಂತಿತು.

"ನೋಡಿ, ನೋಡಿ! ನೂರು ಬರ್ಬೇಕು. ಡಿಫೆಕ್ಟ್ ಪೀಸು," ಅಂದರು ಅವರು.

"ಅದು ಸರಿಯಾಗೇ ಇದೆ ಸಾರ್," ಅಂದಳು ಸುಮಿ. "ನೂರು ಅನ್ನೋದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು ಎತ್ತರದಲ್ಲಿದೆ. ಇಲ್ಲಿ ಗಾಳಿ ಒತ್ತಡ ಕಡಿಮೆ, ನೀರು ತೊಂಬತ್ತೇಳಕ್ಕೇ ಕುದಿಯುತ್ತೆ."

"ಪುಸ್ತಕದಲ್ಲಿ ನೂರು ಅಂತಿದೆ ಮೇಡಂ. ಜಯನಗರಕ್ಕೆ ಬೇರೆ ಸೈನ್ಸಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಅವಳು ನನ್ನ ಕಡೆ ತಿರುಗಿದಳು. ಥರ್ಮಾಮೀಟರ್ ಸರಿ ಇದ್ದರೆ ಸುಳ್ಳು ಹೇಳಿದವರು ಯಾರು ಅನ್ನುವುದು ಅವಳಿಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಕೆಟ್ಟ ಉಪಕರಣ ಇಟ್ಟುಕೊಂಡು ಮಕ್ಕಳಿಗೆ ಅಪಾಯ ತಂದಳು ಅಂತ ಅವಳ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ವಿಜ್ಞಾನ ತೆಗೆದು ಎರಡನೇ ಕ್ಲಾಸಿನ ಕಾಪಿ ರೈಟಿಂಗ್ ಕೊಟ್ಟರು.

ಮನೆಗೆ ಹೋದ ಮೇಲೆ ಒಂದೇ ಸಲ ಕೇಳಿದಳು. "ಅಣ್ಣ, ನಿಜವಾಗ್ಲೂ ಇಟ್ಟಿದ್ಯಾ?"

"ಇಟ್ಟಿದ್ದೆ ಅಂದ್ನಲ್ಲ!" ಅಂತ ರೇಗಿದೆ.

ಮತ್ತೆ ಕೇಳಲಿಲ್ಲ. ನಮ್ಮ ಮನೆ ಇರುವ ಸುಬ್ರಹ್ಮಣ್ಯಪುರಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಅದು ಮೊದಲಿನಿಂದಲೂ ಹಾಗೇ. ಆದರೆ ಮೊದಲು ಸ್ಟಾಪಿನಲ್ಲಿ ಇಳಿದು ನನಗಾಗಿ ಕಾಯುತ್ತಿದ್ದಳು. ಈಗ ನಾನು ಇಳಿಯುವಷ್ಟರಲ್ಲಿ ರಸ್ತೆ ದಾಟಿರುತ್ತಿದ್ದಳು. ನನಗೆ ಅವಳ ಮೇಲೇ ಸಿಟ್ಟು ಬರುತ್ತಿತ್ತು. ತಪ್ಪು ಮಾಡಿದವನಿಗೆ ಎಲ್ಲರ ಮೇಲೂ ಸಿಟ್ಟು ಬರುತ್ತದೆ.

ವರ್ಷ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಚೈತ್ರಾ ನೀರಿನ ಫಿಲ್ಟರ್ ಹತ್ತಿರ ನನ್ನನ್ನು ನಿಲ್ಲಿಸಿದಳು.

"ಅಣ್ಣ, ಸುಮಿತ್ರಾ ಮಿಸ್ ಯಾಕೆ ಸೈನ್ಸ್ ತಗೊಳ್ತಿಲ್ಲ? ನಾನು ಅವತ್ತು ಜೋರಾಗಿ ಕಿರುಚಿದ್ದಕ್ಕಾ? ಸ್ವಲ್ಪ ತಡ್ಕೋಬೋದಿತ್ತು ನಾನು."

ಬೆರಳು ಸುಟ್ಟುಕೊಂಡ ಮಗು ತಪ್ಪು ತನ್ನದು ಅಂತ ಒಂದು ವರ್ಷ ಹೊತ್ತುಕೊಂಡು ಓಡಾಡಿದೆ. ತಪ್ಪು ಮಾಡಿದ ದೊಡ್ಡ ಮನುಷ್ಯ ಬೆಲ್ ಹೊಡೆದುಕೊಂಡು ಆರಾಮಾಗಿದ್ದಾನೆ.

"ನಿಂದೇನೂ ಇಲ್ಲ ಪುಟ್ಟಿ," ಅಂದೆ. "ಯಾರದು ಅಂತ ಈಗ ಹೇಳಿ ಬರ್ತೀನಿ."

ಹೆಡ್ ಮಿಸ್ ರೂಮಿನಲ್ಲಿ ಸುಮಿ ನಿಂತಿದ್ದಳು. ವರ್ಷವಿಡೀ ವಿಜ್ಞಾನದ ಪಾಠವೇ ಮಾಡಿಲ್ಲ ಅಂತ ಪ್ರೊಬೇಷನ್ ಇನ್ನೊಂದು ವರ್ಷ ಮುಂದುವರಿಸುವ ಕಾಗದ ಮೇಜಿನ ಮೇಲಿತ್ತು, ಪೆನ್ ಅವಳ ಕೈಯಲ್ಲಿತ್ತು. ನಾನು ಬಾಗಿಲು ತಟ್ಟದೆ ಒಳಗೆ ಹೋದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಅನುಭವ ಇರುವ ಕೈ ಕೂಡ ತಾನು ಎಲ್ಲಿಂದ ಬಂದೆ ಅನ್ನುವುದರ ಮೇಲೆ ಹದ ಹೇಳುತ್ತದೆ. ಅಳೆದು ನೋಡದೆ ಅಂಕಿ ಬರೆಯಬಾರದು. ಬರೆದಿದ್ದರೆ, ಅಳೆದಿಲ್ಲ ಅಂತ ಆವತ್ತೇ ಒಪ್ಪಿಕೊಳ್ಳಬೇಕು. ನನಗೆ ಅದಕ್ಕೆ ಒಂದು ವರ್ಷ ಹಿಡಿಯಿತು.

"ಅದಕ್ಕೆ ಸೈನ್ ಹಾಕ್ಬೇಡಿ ಮೇಡಂ," ಅಂದೆ ಅವಳಿಗೆ. ಮುಂದಿನ ಮಾತಿಗೆ ಮೇಡಂ ಅನ್ನಲು ನಾಲಿಗೆ ಏಳಲಿಲ್ಲ. "ಥರ್ಮಾಮೀಟರ್ ಸರಿ ಇತ್ತು. ನಾನು ಅದನ್ನ ಡಬ್ಬಿಯಿಂದ ತೆಗೀಲೇ ಇಲ್ಲ. ಲೋಟ ತೊಳೆದ ಕೈಯಲ್ಲೇ ನೀರು ಮುಟ್ಟಿ ನಲವತ್ತು ಅಂತ ಬರ್ದೆ. ಅವತ್ತು ಇದೇ ರೂಮಲ್ಲಿ ನಿನ್ನ ನೋಡಿ ನಕ್ಕೆ. ತಪ್ಪಾಯ್ತು ಸುಮಿ. ನನ್ನ ಕ್ಷಮಿಸು."